ಕಂದು ಬಣ್ಣ ಎಲ್ಲಿ ಬಿತ್ತು?

ಮುಂಬಯಿಯ ಪರೇಲ್‌ಗೆ ಚಿಕಿತ್ಸೆಗೆಂದು ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದವರಿಗೆ ಕನ್ನಡ ಬಲ್ಲ ಪೆಥಾಲಜಿಸ್ಟ್ ಇದ್ದಾರೆಂದು ಗೊತ್ತಾದರೆ ಸಾಕು, ರಿಪೋರ್ಟ್ ಹಿಡಿದು ನಮ್ಮ ಲ್ಯಾಬಿಗೆ ಬಂದೇ ಬಿಡುತ್ತಾರೆ. "ಡಾಕ್ಟ್ರ, ಇಆರ್ ಪಾಸಿಟಿವ್ ಅಂತ ಬರದಾರ್ರಿ. ಇದು ಛಲೋದೋ ಕೆಟ್ಟದ್ದೋ ಹೇಳ್ರಿ."

ಇಆರ್ ಎಂದರೆ ಈಸ್ಟ್ರೊಜೆನ್ ರಿಸೆಪ್ಟರ್, ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನು. ಸ್ತನ ಕ್ಯಾನ್ಸರ್‌ನಲ್ಲಿ ಅದು ಪಾಸಿಟಿವ್ ಆದರೆ ಬಹುಮಟ್ಟಿಗೆ ಛಲೋ ಸುದ್ದಿಯೇ. ಹಾರ್ಮೋನು ತಡೆಯುವ ಮಾತ್ರೆ ನಾಟುವ ಸಂಭವ ಹೆಚ್ಚು. ಈ ಪ್ರೋಟೀನು ಇರುವೆಡೆ ಕಂದು ಬಣ್ಣ ಬೀಳುವಂತೆ ಗೆಡ್ಡೆಯ ತುಣುಕಿಗೆ ಬಣ್ಣ ಹಾಕುತ್ತೇವೆ. ಆದರೆ ಸ್ಲೈಡಿನಲ್ಲಿ ಕಂದು ಬಣ್ಣ ಕಂಡ ಮಾತ್ರಕ್ಕೆ ನಾವು ಪಾಸಿಟಿವ್ ಎಂದು ಬರೆಯುವುದಿಲ್ಲ. ಗೆಡ್ಡೆಯ ಜೀವಕೋಶಗಳಲ್ಲಿ ಶೇ. 1 ಅಥವಾ ಹೆಚ್ಚಿನವುಗಳ ಕೋಶಕೇಂದ್ರಕ್ಕೆ ಬಣ್ಣ ಹಿಡಿದಿರಬೇಕು. ಸುತ್ತಲಿನ ಕೋಶದ್ರವ್ಯ ಎಷ್ಟೇ ಕಂದಾಗಿರಲಿ, ಲೆಕ್ಕಕ್ಕಿಲ್ಲ.

ಯಾಕೆಂದರೆ ಈಸ್ಟ್ರೊಜೆನ್ ರಿಸೆಪ್ಟರ್ ಮುಖ್ಯ ಕೆಲಸ ಮಾಡುವುದು ಡಿಎನ್‌ಎ ಮೇಲೆ. ತಯಾರಾಗುವುದು ಮಾತ್ರ ಹೊರಗೆ, ಕೋಶದ್ರವ್ಯದಲ್ಲಿ. ಸುಮಾರು 40 ಕಿಲೋಡಾಲ್ಟನ್‌ಗಿಂತ (ಇದು ಅಣುತೂಕದ ಅಳತೆ) ಚಿಕ್ಕ ಪ್ರೋಟೀನುಗಳು ಕೋಶಕೇಂದ್ರದ ಪೊರೆಯ ರಂಧ್ರಗಳಲ್ಲಿ ತಾವಾಗಿಯೇ ನುಸುಳಬಲ್ಲವು. ಈಸ್ಟ್ರೊಜೆನ್ ರಿಸೆಪ್ಟರ್‌ನ ತೂಕ 66. ಇಂಥವಕ್ಕೆ ಮೈಮೇಲೆ ಒಂದು ಗುರುತು ಬೇಕು, ಸಾಮಾನ್ಯವಾಗಿ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳ ಪುಟ್ಟ ಸಾಲು. ಎಸ್‌ವಿ40 ವೈರಸ್ಸಿನ ಒಂದು ಪ್ರೋಟೀನಿನಲ್ಲಿ ಆ ಸಾಲಿನ ಒಂದೇ ಒಂದು ಲೈಸಿನ್ ಬದಲಾದರೂ ಅದು ಹೊರಗೇ ಉಳಿಯಿತೆಂದು 1984ರಲ್ಲಿ ಗೊತ್ತಾಯಿತು.

ಆ ಗುರುತನ್ನು ಹಿಡಿಯುವುದು ಇಂಪೋರ್ಟಿನ್ ಎಂಬ ಸಾಗಣೆಯ ಪ್ರೋಟೀನು. ರಂಧ್ರದೊಳಗೆ ಬಸಿದ ಶ್ಯಾವಿಗೆಯ ಹಾಗೆ ಜೋತಾಡುವ ಪ್ರೋಟೀನ್ ಎಳೆಗಳಿವೆ. ದೊಡ್ಡ ಅಣುಗಳನ್ನು ಅವು ತಡೆಯುತ್ತವೆ. ಇಂಪೋರ್ಟಿನ್ ಮಾತ್ರ ಎಳೆಗಳಿಗೆ ಅಂಟುತ್ತ, ಬಿಡುತ್ತ, ಸರಕಿನ ಸಮೇತ ಒಳಗೆ ಜಾರುತ್ತದೆ. ಒಳಗೆ ಜಿಟಿಪಿ ಎಂಬ ಪುಟ್ಟ ಅಣು ಹೊತ್ತ ರಾನ್ ಎಂಬ ಪ್ರೋಟೀನು ಇಂಪೋರ್ಟಿನ್‌ಗೆ ಅಂಟಿಕೊಂಡೊಡನೆ ಸರಕು ಕಳಚಿಬೀಳುತ್ತದೆ. ಹೊರಗೆ ಹೆಚ್ಚಾಗಿರುವುದು ಜಿಡಿಪಿ, ಅಂದರೆ ಒಂದು ಫಾಸ್ಫೇಟ್ ಕಳೆದುಕೊಂಡ ಜಿಟಿಪಿ, ಹೊತ್ತ ರಾನ್. ಸಾಗಾಟದ ದಿಕ್ಕು ನಿಲ್ಲುವುದು ಈ ವ್ಯತ್ಯಾಸದ ಮೇಲೆಯೇ.

ಒಳಗೆ ಹೋದ ಮೇಲೆ ಗೋಡೆಗಳಿಲ್ಲ. ಕೋಶಕೇಂದ್ರದೊಳಗಿನ ದಟ್ಟ ಉಂಡೆಯಾದ ನ್ಯೂಕ್ಲಿಯೋಲಸ್‌ಗೂ ಪೊರೆಯಿಲ್ಲ. ಜೀವಂತ ಕೋಶದಲ್ಲಿ ಹೊಳೆಯುವ ಪ್ರೋಟೀನಿನ ಒಂದು ಚುಕ್ಕೆಯನ್ನು ಲೇಸರ್‌ನಿಂದ ಆರಿಸಿದರೆ, ಅನೇಕ ಪ್ರೋಟೀನುಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಅಕ್ಕಪಕ್ಕದವು ಬಂದು ಆ ಜಾಗ ಮತ್ತೆ ಬೆಳಗುತ್ತದೆ. ಬಹುಪಾಲು ಓಡಾಟ ಬರೀ ಅಲೆದಾಟ. ನಡುವೆ ಡಿಎನ್‌ಎಗೆ ಅಂಟುವುದು, ಬಿಡುವುದು. ಫಾರ್ಮಾಲಿನ್‌ನಲ್ಲಿ ಹೆಪ್ಪುಗಟ್ಟಿದ ನನ್ನ ಸ್ಲೈಡುಗಳಲ್ಲಿ ಇದಾವುದೂ ಕಾಣದು. ಹಾಗಾಗಿ ನಮ್ಮ ವೃತ್ತಿಯವರಿಗೆ ಎಲ್ಲವೂ ಕೂತಲ್ಲೇ ಕೂತಿರುತ್ತದೆಂಬ ಭ್ರಮೆ ಬೇಗ ಹತ್ತುತ್ತದೆ.

ಆ ಭ್ರಮೆ ಬಿಡಿಸುವುದು ಎನ್‌ಪಿಎಂ1. ನ್ಯೂಕ್ಲಿಯೋಲಸ್‌ನಲ್ಲಿ ಬೀಡುಬಿಟ್ಟರೂ ಒಳಗೂ ಹೊರಗೂ ಓಡಾಡುವ ಪ್ರೋಟೀನಿದು. ವಯಸ್ಕರ ತೀವ್ರ ಮೈಲಾಯ್ಡ್ ರಕ್ತಕ್ಯಾನ್ಸರ್‌ನಲ್ಲಿ ಸುಮಾರು ಮೂರರಲ್ಲೊಂದು ಪಾಲು ರೋಗಿಗಳಲ್ಲಿ ಈ ಪ್ರೋಟೀನಿನ ಜೀನಿನ ತುದಿಗೆ ಡಿಎನ್‌ಎಯ ಕೆಲವು ಅಕ್ಷರ, ಹೆಚ್ಚಾಗಿ ನಾಲ್ಕು, ಸೇರಿಕೊಂಡಿರುತ್ತವೆ. ಅಷ್ಟರಿಂದ ಪ್ರೋಟೀನನ್ನು ನ್ಯೂಕ್ಲಿಯೋಲಸ್‌ನಲ್ಲಿ ಹಿಡಿದಿಡುತ್ತಿದ್ದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಹೋಗಿ, ಹೊರಗೆ ಹೋಗುವ ಹೊಸ ಗುರುತು ಹುಟ್ಟುತ್ತದೆ. ಎಕ್ಸ್‌ಪಿಒ1 ಎಂಬ ಸಾಗಣೆಯ ಪ್ರೋಟೀನು ಅದನ್ನು ಎಳೆದೊಯ್ಯುತ್ತದೆ. 2005ರಲ್ಲಿ ಇಟಲಿಯ ಫಾಲಿನಿ ತಂಡ ಇದನ್ನು ಪತ್ತೆಹಚ್ಚಿದ್ದೇ ಬಣ್ಣ ಬಿದ್ದ ಜಾಗ ನೋಡಿ. ಪ್ರೋಟೀನ್ ಎಷ್ಟಿದೆ ಎಂದಷ್ಟೇ ಅಳೆದಿದ್ದರೆ ಸುಳಿವು ಸಿಗುವುದು ಕಷ್ಟವಿತ್ತು.

ಮೂಳೆಮಜ್ಜೆಯ ತುಣುಕಿನಲ್ಲಿ ಕೋಶದ್ರವ್ಯ ಕಂದಾಗಿ ಕಂಡರೆ ಈ ಬದಲಾವಣೆ ಇದೆಯೆಂದು ಬಹಳ ಮಟ್ಟಿಗೆ ನೆಚ್ಚಬಹುದು. ಚಿಕಿತ್ಸೆಯ ನಂತರ ಉಳಿದಿರುವ ಅಲ್ಪಸ್ವಲ್ಪ ರೋಗವನ್ನು ಹುಡುಕಲು ಮಾತ್ರ ಬಣ್ಣ ಸಾಲದು. ಅದಕ್ಕೆ ಜೀನಿನ ಬದಲಾವಣೆಯನ್ನೇ ಹುಡುಕುವ ಪಿಸಿಆರ್‌ನಂಥ ಪರೀಕ್ಷೆ ಬೇಕೇ ಬೇಕು.