ಪೇಜಿಗೆ ಲೈಕ್ ಬರುತ್ತದೆ, ಅಂಗಡಿಗೆ ಗಿರಾಕಿ ಬರಲ್ಲ. ಯಾಕೆ?

ಪ್ರಶ್ನೆ: ನಮ್ಮದು ಚಿಕ್ಕ ಹೊಲಿಗೆ ಅಂಗಡಿ. ಒಂದು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲೂ ಫೇಸ್‌ಬುಕ್‌ನಲ್ಲೂ ದಿನಾ ಪೋಸ್ಟ್ ಹಾಕುತ್ತಿದ್ದೇವೆ. ಲೈಕ್ ಬೀಳುತ್ತವೆ, ಫಾಲೋವರ್‌ಗಳೂ ಇದ್ದಾರೆ. ಆದರೆ ಅದನ್ನು ನೋಡಿ ಅಂಗಡಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಎಲ್ಲಿ ತಪ್ಪಾಗುತ್ತಿದೆ?

ಹೊಲಿಗೆ ಅಂಗಡಿಯ ಜಾಗದಲ್ಲಿ ಸೈಕಲ್ ರಿಪೇರಿ, ಟ್ಯೂಷನ್, ಬ್ಯೂಟಿ ಪಾರ್ಲರ್ ಏನು ಬೇಕಾದರೂ ಇಟ್ಟುಕೊಳ್ಳಿ, ಎಲ್ಲರೂ ಕೇಳುವುದು ಇದನ್ನೇ. ಒಂದೇ ಸಾಲಲ್ಲಿ ಹೇಳುವುದಾದರೆ, ನಿಮ್ಮ ಪೋಸ್ಟ್ ನೋಡುತ್ತಿರುವ ಬಹಳಷ್ಟು ಜನ ನಿಮ್ಮ ಅಂಗಡಿಗೆ ಬರಲು ಸಾಧ್ಯವೇ ಇಲ್ಲದವರು. ಬರಬಹುದಾದ ಕೆಲವರಿಗೋ, ಬರಲು ಬೇಕಾದ ಮಾಹಿತಿ ಅಲ್ಲಿ ಸಿಗುತ್ತಿಲ್ಲ.

ನಂಬಿಕೆ ಬರದಿದ್ದರೆ ನೀವೇ ನೋಡಿಕೊಳ್ಳಬಹುದು. ಇನ್‌ಸ್ಟಾಗ್ರಾಂ ಅಕೌಂಟನ್ನು ಪ್ರೊಫೆಷನಲ್ ಅಕೌಂಟ್‌ಗೆ ಬದಲಾಯಿಸಿ, ಅದಕ್ಕೆ ಕಾಸು ಕೊಡಬೇಕಿಲ್ಲ. ಆಮೇಲೆ ಇನ್‌ಸೈಟ್ಸ್ ಅನ್ನುವ ಕಡೆ ಹೋದರೆ ಫಾಲೋವರ್‌ಗಳು ಹೆಚ್ಚಾಗಿ ಯಾವ ಊರಿನವರು ಅಂತ ತೋರಿಸುತ್ತದೆ. ಅಲ್ಲಿ ನಿಮ್ಮ ಊರು ಎಷ್ಟನೇ ಜಾಗದಲ್ಲಿದೆ? ಪಟ್ಟಿಯಲ್ಲೇ ಇಲ್ಲವಾ? ಹಾಗಿದ್ದರೆ ಲೈಕ್ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಯಿತಲ್ಲ. (ಪ್ರೊಫೆಷನಲ್‌ನಲ್ಲಿ ‘ಬಿಸಿನೆಸ್’ ಅಂತ ಆರಿಸಿಕೊಂಡರೆ ಹೆಸರಾಂತ ಹಾಡುಗಳು ಬಹಳಷ್ಟು ಸಿಗುವುದಿಲ್ಲ, ವ್ಯಾಪಾರಕ್ಕೆ ಹಾಡು ಬಳಸುವ ಲೈಸೆನ್ಸ್ ಬೇರೆ ಇರುವುದರಿಂದ. ಬೇಜಾರು ಮಾಡಿಕೊಳ್ಳಬೇಡಿ. ಹೊಲಿಗೆ ಮೆಷಿನ್ನಿನ ಸದ್ದೇ ಕೇಳಲು ಚೆನ್ನಾಗಿರುತ್ತದೆ.)

ಇದರಲ್ಲಿ ನಿಮ್ಮ ತಪ್ಪು ಅರ್ಧ ಮಾತ್ರ. ಮೊದಲು ಪೇಜನ್ನು ಫಾಲೋ ಮಾಡಿದವರಿಗೆ ಅದರ ಪೋಸ್ಟ್ ಸುಮಾರಾಗಿ ಕಾಣಿಸುತ್ತಿತ್ತು. ಇನ್‌ಸ್ಟಾಗ್ರಾಂ 2016ರಲ್ಲಿ, ಯಾವುದು ಮೊದಲು ಬಂತು ಅನ್ನುವ ಕ್ರಮ ಬಿಟ್ಟು, ಯಾರಿಗೆ ಯಾವುದು ಹಿಡಿಸಬಹುದು ಅಂತ ತಾನೇ ಊಹಿಸಿ ತೋರಿಸಲು ಶುರು ಮಾಡಿತು. 2018ರ ಜನವರಿಯಲ್ಲಿ ಫೇಸ್‌ಬುಕ್‌ನ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು, ಇನ್ನು ಮುಂದೆ ಫೇಸ್‌ಬುಕ್ ಫೀಡ್‌ನಲ್ಲಿ ಮನೆಯವರು ಮತ್ತು ಸ್ನೇಹಿತರ ಪೋಸ್ಟ್ ಜಾಸ್ತಿ, ವ್ಯಾಪಾರಗಳು, ಬ್ರ್ಯಾಂಡ್‌ಗಳು, ಮಾಧ್ಯಮಗಳದ್ದು ಕಮ್ಮಿ ಅಂತ. 2020ರಲ್ಲಿ ಇನ್‌ಸ್ಟಾಗ್ರಾಂಗೆ ರೀಲ್ಸ್ ಅನ್ನುವ ಚಿಕ್ಕ ವಿಡಿಯೊ ಬಂತು. ಅದು ನಿಮ್ಮನ್ನು ಫಾಲೋ ಮಾಡದವರ ಫೋನಿಗೂ ಹೋಗುತ್ತದೆ. ಕೇಳಲು ಒಳ್ಳೆಯದೇ, ಆದರೆ ನೋಡುವವರ ಬೆರಳು ನಿಂತಿತಾ ಅನ್ನುವುದು ಆ್ಯಪ್‌ಗೆ ಮುಖ್ಯ, ಅವರ ಮನೆಯಿಂದ ನಿಮ್ಮ ಅಂಗಡಿಗೆ ಎಷ್ಟು ದೂರ ಅನ್ನುವುದು ನಿಮ್ಮ ತಲೆನೋವು.

ಹಾಗಾಗಿ ಫಾಲೋವರ್ ಸಂಖ್ಯೆಯನ್ನು ಪಕ್ಕಕ್ಕಿಡಿ. ದುಡ್ಡು ಕೊಟ್ಟು ಫಾಲೋವರ್ ಕೊಳ್ಳುವುದಂತೂ ಬೇಡವೇ ಬೇಡ. ಅವರು ಪೋಸ್ಟ್ ನೋಡುವುದಿಲ್ಲ, ನಿಜವಾಗಿ ನೋಡುವವರು ಎಷ್ಟು ಅಂತ ಗೊತ್ತಾಗದಂತೆ ಲೆಕ್ಕ ಕೆಡಿಸುತ್ತಾರೆ. ನಡೆದೋ ಗಾಡಿಯಲ್ಲೋ ಸುಲಭವಾಗಿ ಬರಬಲ್ಲ ಮುನ್ನೂರು ಜನಕ್ಕೆ ನಿಮ್ಮ ಹೆಸರು ನೆನಪಿದ್ದರೆ ಚಿಕ್ಕ ಅಂಗಡಿಗೆ ಕೈತುಂಬ ಕೆಲಸ.

ಈಗ ನಿಮ್ಮ ತಪ್ಪಿನ ಅರ್ಧಕ್ಕೆ ಬರೋಣ. ನಿಮ್ಮ ಪೇಜನ್ನು ಒಮ್ಮೆ ಹೊಸ ಗಿರಾಕಿಯ ಕಣ್ಣಿಂದ ನೋಡಿ. ಅವರ ಕೈಯಲ್ಲಿ ಜಿಪ್ ಕಿತ್ತುಹೋದ ಜಾಕೆಟ್ ಇದೆ. ಇದನ್ನು ಸರಿ ಮಾಡುತ್ತೀರಾ, ಎಷ್ಟಾಗುತ್ತದೆ, ಎಷ್ಟು ದಿನ ಬೇಕು, ಅಂಗಡಿ ಎಲ್ಲಿದೆ, ಅವರಿಗೆ ಇಷ್ಟು ಗೊತ್ತಾದರೆ ಸಾಕು. ನಿಮ್ಮ ಕಡೆಯ ಹತ್ತು ಹನ್ನೆರಡು ಪೋಸ್ಟ್ ತೆಗೆದು ನೋಡಿ. ಶುಭೋದಯದ ಚಿತ್ರ, ಎಲ್ಲಿಂದಲೋ ಎತ್ತಿಕೊಂಡ ಮಾಡೆಲ್‌ಗಳ ಫೋಟೊ, ‘ಗುಣಮಟ್ಟವೇ ನಮ್ಮ ಗುರಿ’ ಅಂತ ಬರೆದ ಪೋಸ್ಟರ್. ಗಿರಾಕಿಯ ಆ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಇಲ್ಲಿ ಉತ್ತರ ಇದೆಯಾ? ಎತ್ತಿಕೊಂಡ ಫೋಟೊಗೆ ಕಾಪಿರೈಟ್ ತಕರಾರು ಬಂದರೆ ಅದೊಂದು ಬೇರೆ ತಾಪತ್ರಯ.

ನಾನು ಒಂದು ಸಲ ಕುರ್ಚಿಯ ಕುಶನ್ ಬದಲಾಯಿಸುವವರನ್ನು ಹುಡುಕುತ್ತಿದ್ದೆ. ಎರಡು ಪೇಜ್ ಸಿಕ್ಕವು. ಒಂದರಲ್ಲಿ ಬಹಳ ಚೆಂದದ ಫೋಟೊಗಳು, ಆದರೆ ಬೆಲೆ ಕೇಳಿದ ಪ್ರತಿ ಕಾಮೆಂಟಿಗೂ ‘ಇನ್‌ಬಾಕ್ಸ್ ಮಾಡಿ’ ಅನ್ನುವ ಒಂದೇ ಉತ್ತರ. ಇನ್ನೊಂದರಲ್ಲಿ ಮಬ್ಬು ಬೆಳಕಿನ ಒಂದು ವಿಡಿಯೊ, ಅದರಲ್ಲಿ ಒಬ್ಬರು ಹಳೇ ಸ್ಪಂಜ್ ಕಿತ್ತು ಕ್ಯಾಮೆರಾ ಮುಂದೆ ಹಿಡಿದು, ‘ನೋಡಿ, ಇದು ಪೂರ್ತಿ ಕೂತುಬಿಟ್ಟಿದೆ, ಒತ್ತಿದರೆ ಮೇಲೆ ಬರಲ್ಲ, ಹೊಸದು ಹಾಕೋಕೆ ಎರಡು ದಿನ ಬೇಕು’ ಅನ್ನುತ್ತಿದ್ದರು. ಅಷ್ಟೇ. ನನ್ನ ಕುರ್ಚಿ ಯಾರ ಹತ್ತಿರ ಹೋಯಿತು ಅಂತ ಬೇರೆ ಹೇಳಬೇಕಾ?

ಏನು ಪೋಸ್ಟ್ ಹಾಕಬೇಕು ಅಂತ ತಲೆ ಕೆರೆದುಕೊಳ್ಳುವ ಬದಲು ಕೌಂಟರ್ ಹತ್ತಿರ ಒಂದು ನೋಟ್‌ಬುಕ್ ಇಡಿ. ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಅವರು ಕೇಳಿದ ಮಾತಲ್ಲೇ ಬರೆದುಕೊಳ್ಳಿ. ಅಳತೆಗೆ ಹಳೇ ಬಟ್ಟೆ ತರಬೇಕಾ? ಸೊಂಟ ಬಿಗಿಯಾದ ಪ್ಯಾಂಟನ್ನು ಎಷ್ಟರ ಮಟ್ಟಿಗೆ ಬಿಡಿಸಬಹುದು? ಬಟ್ಟೆ ಒಗೆದ ಮೇಲೆ ಹೊಲಿಸಬೇಕಾ, ಮುಂಚೆನಾ? ಒಂದು ಪ್ರಶ್ನೆಗೆ ಒಂದು ಪೋಸ್ಟ್. ಪ್ಯಾಂಟಿನ ಒಳಗಡೆ ಹೊಲಿಗೆಯ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ಬೆರಳಿಟ್ಟು ತೋರಿಸಿ, ‘ಇಷ್ಟಿದ್ದರೆ ಮಾತ್ರ ಬಿಡಿಸಬಹುದು’ ಅಂತ ಅರ್ಧ ನಿಮಿಷದಲ್ಲಿ ಹೇಳಿದರೆ, ನೋಡಿದವರು ಮನೆಯಲ್ಲಿ ತಮ್ಮ ಪ್ಯಾಂಟ್ ತಿರುಗಿಸಿ ನೋಡುತ್ತಾರೆ. ನಿಮಗೆ ಕೆಲಸ ಗೊತ್ತು ಅಂತ ಅವರಿಗೆ ಆಗಲೇ ಗೊತ್ತಾಗಿರುತ್ತದೆ, ಅದಕ್ಕೆ ಪೋಸ್ಟರ್ ಬೇಕಾಗಲ್ಲ.

ಇಂಥ ವಿಡಿಯೊಗೆ ಒಳ್ಳೆಯ ಕ್ಯಾಮೆರಾ ಬೇಡ. ಕಿಟಕಿ ಹತ್ತಿರ ನಿಂತು, ಫೋನಿನ ಲೆನ್ಸ್ ಒಮ್ಮೆ ಒರೆಸಿಕೊಳ್ಳಿ. ಮಾತು ಕೇಳಿಸದ ಕಡೆ ನೋಡುವವರೂ ಇರುತ್ತಾರೆ, ಹಾಗಾಗಿ ಹೇಳಿದ್ದನ್ನೇ ಪರದೆಯ ಮೇಲೆ ಬರೆಯಿರಿ. ಊರು ಮತ್ತು ಬಡಾವಣೆಯ ಹೆಸರನ್ನು ಪ್ರತಿ ಪೋಸ್ಟ್‌ನಲ್ಲೂ ಹಾಕಿ, ಪ್ರೊಫೈಲ್‌ನಲ್ಲಿ ಇದೆಯಲ್ಲ ಅಂತ ಸುಮ್ನೆ ಬಿಡಬೇಡಿ. ಗಿರಾಕಿಯ ಮುಖವೋ ಅವರ ಬಟ್ಟೆಯೋ ಬರುತ್ತದೆ ಅಂದರೆ ಒಂದು ಮಾತು ಕೇಳಿ. ಮಕ್ಕಳ ಫೋಟೊ ಆದರೆ ತಂದೆ ತಾಯಿ ಒಪ್ಪದೆ ಹಾಕಲೇಬೇಡಿ.

ಬೆಲೆ ಹಾಕಲು ಬಹಳ ಜನ ಹಿಂಜರಿಯುತ್ತಾರೆ. ಪಕ್ಕದ ಅಂಗಡಿಯವರು ನೋಡಿ ಕಮ್ಮಿ ಮಾಡಿಬಿಡುತ್ತಾರೆ ಅನ್ನುವ ಭಯ. ಆದರೆ ಪಕ್ಕದ ಅಂಗಡಿಯವರಿಗೆ ನಿಮ್ಮ ಬೆಲೆ ಯಾವತ್ತೋ ಗೊತ್ತು. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಸರಿಯಾದ ಬೆಲೆ ಹೇಳಲಾಗದ ಕೆಲಸವಾದರೆ ‘ಇಷ್ಟರಿಂದ ಶುರು’ ಅಂತಾದರೂ ಹಾಕಿ.

ದಿನಾ ಪೋಸ್ಟ್ ಮಾಡುವುದು ಬೇಕಿಲ್ಲ, ಸುಸ್ತಾಗಿ ಮೂರನೇ ತಿಂಗಳಿಗೆ ನಿಲ್ಲಿಸುತ್ತೀರಿ. ವಾರಕ್ಕೆ ಎರಡು ಸಾಕು. ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದಲ್ಲ, ‘ಇವತ್ತು ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ’, ‘ಈ ವಾರ ಆಲ್ಟರೇಷನ್ ಒಂದೇ ದಿನದಲ್ಲಿ ಕೊಡುತ್ತೇವೆ’ ಅನ್ನುವಂಥ ಮಾತಿಗೆ ಅದು ಸರಿ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮೊದಲು ಮಾಡಬೇಕಾದ್ದು. ಜಿಪ್ ಕಿತ್ತುಹೋದವರು ಇನ್‌ಸ್ಟಾಗ್ರಾಂ ತೆರೆದು ಕೂರುವುದು ಕಮ್ಮಿ, ಗೂಗಲ್‌ನಲ್ಲಿ ‘ಹತ್ತಿರದ ಟೈಲರ್’ ಅಂತ ಹುಡುಕುತ್ತಾರೆ. ಅಲ್ಲಿ ಕಾಣಿಸಿಕೊಳ್ಳಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಅಂತ ಶುರುವಾಗಿದ್ದು, 2021ರಲ್ಲಿ ಹೆಸರು ಬದಲಾಯಿತು. ಇದಕ್ಕೂ ಕಾಸಿಲ್ಲ. ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದುತ್ತದೆ, ಅಂಗಡಿ ಎಷ್ಟು ದೂರ, ಅದು ಎಷ್ಟು ಹೆಸರುವಾಸಿ, ಮುಖ್ಯವಾಗಿ ಈ ಮೂರನ್ನು ನೋಡಿ ಯಾರನ್ನು ಮೇಲೆ ತೋರಿಸಬೇಕು ಅಂತ ತೀರ್ಮಾನಿಸುತ್ತೇವೆ ಅಂತ ಗೂಗಲ್ ತಾನೇ ಹೇಳಿಕೊಂಡಿದೆ. ದೂರವನ್ನು ನೀವು ಬದಲಾಯಿಸಲಾಗುವುದಿಲ್ಲ. ಆದರೆ ‘ಟೈಲರ್’ ಅಂತ ಒಂದೇ ಪದ ಹಾಕಿ ಬಿಡದೆ, ಜಿಪ್ ಬದಲಾವಣೆ, ಆಲ್ಟರೇಷನ್, ಮಕ್ಕಳ ಬಟ್ಟೆ ಅಂತ ಮಾಡುವ ಕೆಲಸವನ್ನೆಲ್ಲ ಬರೆದರೆ ಮೊದಲನೆಯದು ನಿಮ್ಮ ಕೈಯಲ್ಲಿದೆ. ರಿವ್ಯೂಗಳು ಮೂರನೆಯದಕ್ಕೆ ನೆರವಾಗುತ್ತವೆ. ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ಖುಷಿಯಾಗಿ ನಿಂತಿರುತ್ತಾರಲ್ಲ, ಆ ಹೊತ್ತಿಗೇ ಕೇಳಿ, ನಾಳೆ ಮರೆಯುತ್ತಾರೆ. ರಿವ್ಯೂ ಬರೆದರೆ ಡಿಸ್ಕೌಂಟ್ ಕೊಡುತ್ತೇವೆ ಅನ್ನಬೇಡಿ, ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಇಳಿಯಬೇಡಿ. ಎರಡು ಸಾಲಿನ ಸಮಾಧಾನದ ಉತ್ತರ ಬರೆಯಿರಿ. ಅದನ್ನು ಓದುವವರು ಬೈದವರಿಗಿಂತ ಬೇರೆಯವರೇ ಜಾಸ್ತಿ.

ವಾಟ್ಸ್‌ಆ್ಯಪ್‌ಗೆ ಬಂದರೆ, 2018ರಿಂದ ವ್ಯಾಪಾರದವರಿಗೆಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ಅನ್ನುವ ಬೇರೆ ಆ್ಯಪ್ ಇದೆ. ಅಂಗಡಿಯ ಸಮಯ, ವಿಳಾಸ, ಕೆಲಸಗಳ ಕ್ಯಾಟಲಾಗ್ ಹಾಕಿಡಬಹುದು. ದಿನಕ್ಕೆ ಇಪ್ಪತ್ತು ಸಲ ಬರೆಯುವ ಉತ್ತರವನ್ನು ಒಮ್ಮೆ ಸೇವ್ ಮಾಡಿಕೊಂಡರೆ ಎರಡಕ್ಷರದಲ್ಲಿ ಕಳಿಸಬಹುದು. ಒಂದೇ ಮೆಸೇಜನ್ನು ಬಹಳ ಜನಕ್ಕೆ ಒಟ್ಟಿಗೆ ಕಳಿಸುವ ಮಾಮೂಲಿ ಬ್ರಾಡ್‌ಕಾಸ್ಟ್ ಪಟ್ಟಿಯ ಗುಟ್ಟು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಇನ್ನೂರು ಜನಕ್ಕೆ ಕಳಿಸಿದೆ, ಒಬ್ಬರೂ ಮಾತಾಡಲಿಲ್ಲ’ ಅಂತ ಗೊಣಗುವವರ ಮೆಸೇಜು ನಿಜಕ್ಕೂ ಹೋಗಿರುವುದೇ ಹದಿನೈದು ಜನಕ್ಕೆ ಇರಬಹುದು! ರಸೀದಿ ಕೊಡುವಾಗ, ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಬಟ್ಟೆ ರೆಡಿಯಾದಾಗ ತಿಳಿಸುತ್ತೇವೆ’ ಅಂತ ಹೇಳಿ, ಆಗಲೇ ಮಾಡಿಸಿಬಿಡಿ. ಕೇಳದೆ ಎಲ್ಲರನ್ನೂ ಗ್ರೂಪಿಗೆ ಸೇರಿಸಬೇಡಿ, ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ದುಡ್ಡು ಹಾಕಿ ಜಾಹೀರಾತು ಕೊಡಬೇಕಾ? ಮೇಲಿನದೆಲ್ಲ ಸರಿಯಾದ ಮೇಲೆ, ಸ್ವಲ್ಪ. ಆಗ ಎರಡು ಕಡೆ ಎಚ್ಚರ. ಜಾಗ ಕೇಳಿದಾಗ ಇಡೀ ಊರನ್ನೋ ರಾಜ್ಯವನ್ನೋ ಆರಿಸದೆ ನಕ್ಷೆಯಲ್ಲಿ ಅಂಗಡಿಯ ಮೇಲೆ ಪಿನ್ ಇಟ್ಟು, ಸುತ್ತ ಕೆಲವೇ ಕಿಲೋಮೀಟರ್ ಅಂತ ಕೊಡಿ. ಉದ್ದೇಶ ಕೇಳಿದಾಗ ಲೈಕ್, ವ್ಯೂ ಬಿಟ್ಟು ‘ಮೆಸೇಜ್’ ಆರಿಸಿ. ಯಾಕೆಂದರೆ ನೀವು ಏನು ಕೇಳುತ್ತೀರೋ ಅದನ್ನು ಮಾಡುವ ಚಾಳಿ ಇರುವವರನ್ನೇ ಆ್ಯಪ್ ಹುಡುಕಿಕೊಡುತ್ತದೆ. ಲೈಕ್ ಕೇಳಿದರೆ, ಕಂಡಿದ್ದಕ್ಕೆಲ್ಲ ಲೈಕ್ ಒತ್ತುವವರು ಸಿಗುತ್ತಾರೆ. ಮತ್ತೆ ಬಂದ ಮೆಸೇಜಿಗೆ ಮರುದಿನ ಉತ್ತರ ಕೊಡುವುದಾದರೆ ಜಾಹೀರಾತೇ ಬೇಡ, ಅಷ್ಟರಲ್ಲಿ ಅವರು ಬೇರೆ ಅಂಗಡಿಗೆ ಹೋಗಿ ಬಂದಿರುತ್ತಾರೆ.

ಪೇಜ್ ಸ್ವಲ್ಪ ಬೆಳೆದರೆ, ‘ನಿಮ್ಮ ಮೇಲೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ’ ಅನ್ನುವ ಮೆಸೇಜ್ ಬರಬಹುದು. ಒತ್ತಬೇಡಿ, ಪಾಸ್‌ವರ್ಡ್ ಕದಿಯುವ ಹಳೇ ಆಟ ಅದು. ಪಾಸ್‌ವರ್ಡ್ ಜೊತೆ ಒಂದು ಕೋಡನ್ನೂ ಕೇಳುವ ಎರಡು ಹಂತದ ಲಾಗಿನ್ ಇವತ್ತೇ ಆನ್ ಮಾಡಿ. ಅಕೌಂಟ್ ನಿಮ್ಮ ನಂಬರಿನಲ್ಲೇ ಇರಲಿ, ಕೆಲಸಕ್ಕಿರುವ ಹುಡುಗನ ನಂಬರಿನಲ್ಲಿ ಬೇಡ. ಗಿರಾಕಿಗಳ ಹೆಸರು, ನಂಬರ್ ಪುಸ್ತಕದಲ್ಲೂ ಬರೆದಿಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಕೈಕೊಟ್ಟಿದ್ದವು. ಮೂರೂ ಒಂದೇ ಕಂಪನಿಯವು, ಗೊತ್ತಲ್ವಾ?

ಕೊನೆಗೆ, ಇದೆಲ್ಲ ಕೆಲಸ ಮಾಡುತ್ತಿದೆಯಾ ಅಂತ ಹೇಗೆ ತಿಳಿಯುವುದು? ಬಂದವರನ್ನು ಕೇಳಿ: ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು?’ ಅದೇ ನೋಟ್‌ಬುಕ್‌ನಲ್ಲಿ ಮ್ಯಾಪ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಪರಿಚಯದವರು, ಸುಮ್ನೆ ಬೋರ್ಡ್ ನೋಡಿ ಅಂತ ಐದು ಗೆರೆ ಹಾಕಿ, ಒಬ್ಬೊಬ್ಬರಿಗೂ ಒಂದು ಗೀಟು ಎಳೆಯಿರಿ. ಎರಡು ತಿಂಗಳಾದ ಮೇಲೆ ಯಾವ ಸಾಲು ಉದ್ದ ಇದೆಯೋ ಅದಕ್ಕೆ ಜಾಸ್ತಿ ಸಮಯ ಕೊಡಿ. ‘ಪರಿಚಯದವರು’ ಅನ್ನುವ ಸಾಲೇ ಎಲ್ಲಕ್ಕಿಂತ ಉದ್ದ ಬಂದರೆ ಆಶ್ಚರ್ಯವೇನಿಲ್ಲ. ಆ ಪರಿಚಯದವರು ಫಾರ್ವರ್ಡ್ ಮಾಡಿದ್ದು ನಿಮ್ಮ ಪ್ಯಾಂಟ್ ವಿಡಿಯೊನಾ ಅಂತಲೂ ಒಮ್ಮೆ ಕೇಳಿ ನೋಡಿ.