ಗುಂಡಿ ಒಂದು, ನಿರ್ಧಾರ ಯಾರದು? ವಾರ್‌ಕ್ರಾಫ್ಟ್ ಮ್ಯಾಕ್ರೋಗಳು ಬೆಳೆದು ಬಂದ ದಾರಿ

2005ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ವಾರಿಯರ್ (ಯೋಧ) ಪಾತ್ರ ಆಡುತ್ತಿದ್ದವನು ತನ್ನ ಮ್ಯಾಕ್ರೋದಲ್ಲಿ, ಎಂದರೆ ಒಂದು ಗುಂಡಿಗೆ ಕಟ್ಟಿದ ಆಜ್ಞೆಗಳ ಪಟ್ಟಿಯಲ್ಲಿ, ಹೀಗೊಂದು ಸಾಲು ಬರೆಯಬಹುದಿತ್ತು: ಎದುರಾಳಿಯ ಜೀವ ಶೇ. 20ಕ್ಕಿಂತ ಕಡಿಮೆಯಿದ್ದರೆ ಎಕ್ಸಿಕ್ಯೂಟ್ ಹೊಡಿ, ಇಲ್ಲದಿದ್ದರೆ ಸಂಡರ್ ಆರ್ಮರ್ ಹೊಡಿ. ಬೆರಳು ಒಂದೇ ಗುಂಡಿಯ ಮೇಲೆ, ಲೆಕ್ಕಾಚಾರವೆಲ್ಲ ಆಟದ್ದೇ. ಅದೇ ಸಾಲನ್ನು ಇಂದಿನ ಆಟಕ್ಕೆ ಕೊಟ್ಟರೆ ಅದು ಹೊಡೆತ ಹಾಕಲು ನಿರಾಕರಿಸುತ್ತದೆ. 2019ರಲ್ಲಿ ಬಂದ ‘ಕ್ಲಾಸಿಕ್’ ಆವೃತ್ತಿಯಲ್ಲೂ ಅಷ್ಟೇ. ಅಲ್ಲಿನ ಊರು, ಬಾಸ್, ಹೊಡೆತಗಳೆಲ್ಲ ಹಳೆಯವಾದರೂ ಮ್ಯಾಕ್ರೋದ ಕಾನೂನು ಮಾತ್ರ ಹೊಸದು. ಹಳೆಯ ಕಡತದಿಂದ ಮ್ಯಾಕ್ರೋ ತಂದು ಅಂಟಿಸಿ ‘ಯಾಕೆ ಓಡುತ್ತಿಲ್ಲ’ ಎಂದು ತಲೆಕೆಡಿಸಿಕೊಳ್ಳುವವರಿಗೆ ಉತ್ತರ ಸಿಗುವುದು ಈ ಇತಿಹಾಸದಲ್ಲಿ. ಈಗ ಚೆನ್ನಾಗಿ ಕೆಲಸ ಮಾಡುವ ಮ್ಯಾಕ್ರೋ ಹೇಗಿರಬೇಕು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ಆಟ ಬಿಡುಗಡೆಯಾದದ್ದು 2004ರ ನವೆಂಬರ್ 23ರಂದು. ಪರದೆಯ ಮೇಲಿನ ಪಟ್ಟಿ, ಕಿಟಕಿ, ಗುಂಡಿಗಳನ್ನೆಲ್ಲ ಆಟ ತಯಾರಿಸಿದ ಬ್ಲಿಜರ್ಡ್ ಸಂಸ್ಥೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು, ಆಟಗಾರರೂ ಅದೇ ಭಾಷೆಯಲ್ಲಿ ಆಡ್‌ಆನ್ (ಆಟಕ್ಕೆ ಸೇರಿಸುವ ಪೂರಕ ತಂತ್ರಾಂಶ) ಬರೆಯಲು ಬಾಗಿಲು ತೆರೆದಿಟ್ಟಿತ್ತು. ಮ್ಯಾಕ್ರೋಗೆ 255 ಅಕ್ಷರಗಳ ಮಿತಿ ಆಗಲೇ ಇತ್ತು. ಆದರೆ ಆ 255 ಅಕ್ಷರಗಳೊಳಗೆ ‘/ಸ್ಕ್ರಿಪ್ಟ್’ ಎಂದು ಬರೆದು ಲುವಾ ಓಡಿಸಬಹುದಿತ್ತು. ಸಾಲದೆಂದವರಿಗೆ ಮಿತಿಯನ್ನು ಹಿಗ್ಗಿಸುವ ಸೂಪರ್‌ಮ್ಯಾಕ್ರೋದಂಥ ಆಡ್‌ಆನ್‌ಗಳಿದ್ದವು. ಡಿಕರ್ಸಿವ್ ಎಂಬ ಆಡ್‌ಆನ್ 40 ಜನ ಸೇರಿ ದೊಡ್ಡ ಶತ್ರುವನ್ನು (ಬಾಸ್) ಎದುರಿಸುವ ರೇಡ್‌ನಲ್ಲಿ ಯಾರಿಗೆ ಶಾಪ ತಗುಲಿದೆ ಎಂದು ತಾನೇ ಹುಡುಕಿ, ಅವರನ್ನು ತಾನೇ ಗುರಿ ಮಾಡಿ, ಶಾಪ ಬಿಡಿಸುವ ಮಂತ್ರವನ್ನೂ ಹಾಕುತ್ತಿತ್ತು. ಆಟಗಾರ ಒಂದು ಗುಂಡಿಯನ್ನು ಕುಟ್ಟುತ್ತಿದ್ದರೆ ಸಾಕಿತ್ತು. ಶಾಪವನ್ನು ಗಮನಿಸಿ ಬಿಡಿಸುವುದನ್ನೇ ಪರೀಕ್ಷೆಯಾಗಿಟ್ಟ ಬಾಸ್‌ಗಳ ಎದುರು ಇದರ ಅರ್ಥವೇನು ಎಂಬುದು ವಿನ್ಯಾಸಕಾರರಿಗೆ ಬೇಗ ತಿಳಿಯಿತು.

ಆ ಕಾಲದ ರೊಟೇಶನ್‌ಗಳು, ಎಂದರೆ ಹೊಡೆತಗಳನ್ನು ಹಾಕುವ ಸರದಿಗಳು, ಇಂದಿನಷ್ಟು ಗೋಜಲಾಗಿರಲಿಲ್ಲ. ಒಂದು ಶತ್ರುವಿನ ಮೇಲೆ ಮೊದಲು 8, ಆಮೇಲೆ 16 ಡಿಬಫ್‌ಗಳಿಗಷ್ಟೇ (ಶತ್ರುವನ್ನು ಕುಗ್ಗಿಸುವ ಪರಿಣಾಮಗಳಿಗಷ್ಟೇ) ಜಾಗವಿತ್ತು. 40 ಜನರ ನಡುವೆ ಆ ಜಾಗ ಹಂಚಬೇಕಾದ್ದರಿಂದ ಎಷ್ಟೋ ಮೇಜ್‌ಗಳು (ಮಂತ್ರವಾದಿ ಪಾತ್ರಗಳು) ರಾತ್ರಿಯಿಡೀ ಫ್ರಾಸ್ಟ್‌ಬೋಲ್ಟ್ ಒಂದನ್ನೇ ಹಾಕುತ್ತಿದ್ದರು. ಹಾಗಾಗಿ ಮ್ಯಾಕ್ರೋದ ನಿಜವಾದ ಬಲ ಹೊಡೆತದ ಸರದಿಯಲ್ಲಿರಲಿಲ್ಲ, ಗುರಿಯನ್ನೂ ಹೊಡೆತವನ್ನೂ ಆಟಗಾರನ ಬದಲು ಕೋಡ್ ಆರಿಸುವುದರಲ್ಲಿತ್ತು.

ಆ ಬಾಗಿಲು ಮುಚ್ಚಿದ್ದು 2006ರ ಡಿಸೆಂಬರ್‌ನಲ್ಲಿ ಬಂದ 2.0.1 ಪ್ಯಾಚ್ (ಆಟದ ಪರಿಷ್ಕರಣೆ). ಬರ್ನಿಂಗ್ ಕ್ರುಸೇಡ್ ವಿಸ್ತರಣೆಗೆ ಆಟವನ್ನು ಸಜ್ಜುಗೊಳಿಸಿದ ಈ ಪ್ಯಾಚ್, ಮಂತ್ರ ಹಾಕುವ ಮತ್ತು ಗುರಿ ಬದಲಿಸುವ ಲುವಾ ಆಜ್ಞೆಗಳನ್ನು ‘ಸಂರಕ್ಷಿತ’ ಎಂದು ಬೇರ್ಪಡಿಸಿತು. ಆಡ್‌ಆನ್ ಆಗಲಿ, ಮ್ಯಾಕ್ರೋದೊಳಗಿನ ಸ್ಕ್ರಿಪ್ಟ್ ಆಗಲಿ ಇನ್ನು ಅವನ್ನು ಕರೆಯುವಂತಿಲ್ಲ. ಹೋರಾಟ ಶುರುವಾದ ಮೇಲೆ ಗುಂಡಿ ಏನು ಮಾಡಬೇಕೆಂಬುದನ್ನು ಆಡ್‌ಆನ್ ಬದಲಿಸುವಂತೆಯೂ ಇಲ್ಲ. ಡಿಕರ್ಸಿವ್ ಉಳಿಯಿತು, ಆದರೆ ಯಾವ ಚೌಕದ ಮೇಲೆ ಕ್ಲಿಕ್ ಮಾಡಬೇಕೆಂಬುದು ಆಟಗಾರನ ಪಾಲಿಗೆ ಬಂತು.

ಕಸಿದುಕೊಂಡದ್ದಕ್ಕೆ ಬದಲಾಗಿ ಬ್ಲಿಜರ್ಡ್ ಕೊಟ್ಟದ್ದೇ ಇಂದಿಗೂ ಬಳಕೆಯಲ್ಲಿರುವ ಮ್ಯಾಕ್ರೋ ಭಾಷೆ. ಚೌಕಾಕಾರದ ಆವರಣದಲ್ಲಿ ಷರತ್ತು ಬರೆಯಬಹುದು: ಶಿಫ್ಟ್ ಒತ್ತಿದೆಯೇ, ಮೌಸ್‌ನ ಕೆಳಗಿರುವುದು ಮಿತ್ರನೇ ಶತ್ರುವೇ, ಬದುಕಿದ್ದಾನೆಯೇ, ಹೋರಾಟ ನಡೆಯುತ್ತಿದೆಯೇ, ಯಾವ ಸ್ಟಾನ್ಸ್ (ಹೋರಾಟದ ಭಂಗಿ), ಕುದುರೆಯ ಮೇಲಿದ್ದೇವೆಯೇ. ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಜೀವ ಎಷ್ಟಿದೆ, ಮಾನಾ (ಮಂತ್ರಶಕ್ತಿ) ಎಷ್ಟಿದೆ, ಯಾವ ಬಫ್ (ಬಲ ಹೆಚ್ಚಿಸುವ ಪರಿಣಾಮ) ಉರಿಯುತ್ತಿದೆ, ಯಾವ ಕೂಲ್‌ಡೌನ್ (ಹೊಡೆತವನ್ನು ಮತ್ತೆ ಹಾಕುವ ಮುನ್ನ ಕಾಯಬೇಕಾದ ಅವಧಿ) ಮುಗಿದಿದೆ, ಗುರಿ ಎಷ್ಟು ದೂರದಲ್ಲಿದೆ, ಇದಾವುದನ್ನೂ ಮ್ಯಾಕ್ರೋ ಕೇಳುವಂತಿಲ್ಲ. ರೊಟೇಶನ್ ನಡೆಯುವುದೇ ಈ ಐದು ಪ್ರಶ್ನೆಗಳ ಮೇಲೆ. ಎಂದರೆ, ಹೊಡೆತವನ್ನು ‘ಹೇಗೆ, ಯಾರಿಗೆ’ ಹಾಕಬೇಕೆಂದು ಮ್ಯಾಕ್ರೋಗೆ ಹೇಳಿಕೊಡಬಹುದು. ‘ಯಾವುದನ್ನು, ಯಾವಾಗ’ ಎಂಬುದನ್ನು ಆಟಗಾರನೇ ನಿರ್ಧರಿಸಬೇಕು. ಮುಂದಿನ ಜಗಳಗಳೆಲ್ಲ ನಡೆದದ್ದು ಈ ಗೆರೆಯ ಮೇಲೆಯೇ.

ಕಾಸ್ಟ್‌ಸೀಕ್ವೆನ್ಸ್ ಕೊಟ್ಟ ಆಸೆ

ಅದೇ ಪ್ಯಾಚ್‌ನಲ್ಲಿ ಬಂದ ‘/ಕಾಸ್ಟ್‌ಸೀಕ್ವೆನ್ಸ್’ ಆಜ್ಞೆ ಆ ಗೆರೆಯನ್ನು ದಾಟಿಸುವಂತೆ ಕಂಡಿತು. ಹೊಡೆತಗಳ ಹೆಸರನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದರೆ ಒತ್ತಿದಂತೆಲ್ಲ ಒಂದಾದ ಮೇಲೊಂದು ಬರುತ್ತದೆ. ಬರ್ನಿಂಗ್ ಕ್ರುಸೇಡ್ ಕಾಲದ ಹಂಟರ್‌ಗಳು (ಬಿಲ್ಲುಗಾರ ಪಾತ್ರಗಳು) ಇದನ್ನು ಮನೆಮಾತಾಗಿಸಿದರು:

/ಕಾಸ್ಟ್ ಕಿಲ್ ಕಮಾಂಡ್
/ಕಾಸ್ಟ್‌ಸೀಕ್ವೆನ್ಸ್ ರಿಸೆಟ್=3 ಸ್ಟೆಡಿ ಶಾಟ್, ಆಟೋ ಶಾಟ್

(ಆಟದೊಳಗೆ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಸ್ಟೆಡಿ ಶಾಟ್‌ಗೆ 1.5 ಸೆಕೆಂಡ್ ಬೇಕು. ಬಿಲ್ಲು ತಾನಾಗಿ ಬಿಡುವ ಆಟೋ ಶಾಟ್‌ಗೆ ಸ್ವಲ್ಪ ಮುಂಚೆ ಅದನ್ನು ಶುರು ಮಾಡಿದರೆ ಆಟೋ ಶಾಟ್ ತಡವಾಗುತ್ತದೆ. ಸೀಕ್ವೆನ್ಸ್‌ನ ಗುಣವೆಂದರೆ, ಈಗಿನ ಹೊಡೆತ ಯಶಸ್ವಿಯಾಗುವ ತನಕ ಮುಂದಿನದಕ್ಕೆ ಹೋಗುವುದಿಲ್ಲ. ಹಾಗಾಗಿ ಆಟೋ ಶಾಟ್ ಬಿಟ್ಟ ಕ್ಷಣದಲ್ಲೇ ಸ್ಟೆಡಿ ಶಾಟ್ ಶುರುವಾಗುವಂತೆ ಈ ಮ್ಯಾಕ್ರೋ ಕಾಯುತ್ತಿತ್ತು. ಕ್ರಿಟ್ (ಮಾಮೂಲಿಗಿಂತ ಬಲವಾದ ಹೊಡೆತ) ಬಿದ್ದ ಮೇಲಷ್ಟೇ ಸಿಗುವ ಕಿಲ್ ಕಮಾಂಡ್‌ಗೆ ಗ್ಲೋಬಲ್ ಕೂಲ್‌ಡೌನ್ (ಒಂದು ಹೊಡೆತದ ಬೆನ್ನಿಗೇ ಇನ್ನೊಂದನ್ನು ಹಾಕಲು ಬಿಡದ ಸಣ್ಣ ಕಾಯುವಿಕೆ) ಇರಲಿಲ್ಲ, ಆದ್ದರಿಂದ ಅದು ಮೇಲಿನ ಸಾಲಿನಲ್ಲಿ ತೊಂದರೆ ಕೊಡದೆ ಕೂರುತ್ತಿತ್ತು. ರ‍್ಯಾಪಿಡ್ ಫೈರ್ ಹಾಕಿ ಬಿಲ್ಲಿನ ವೇಗ ಹೆಚ್ಚಾದಾಗ ಒಂದಕ್ಕೊಂದು ಎಂಬ ಲಯವೇ ತಪ್ಪುತ್ತಿತ್ತು. ಆಗ ಕೈಯಿಂದ ಆಡುವವನೇ ಮುಂದು.

ಇದಕ್ಕಿಂತ ಸೊಗಸಾದ ಉದಾಹರಣೆ 2008ರ ನವೆಂಬರ್‌ನಲ್ಲಿ ಬಂದ ರ‍್ಯಾತ್ ಆಫ್ ದಿ ಲಿಚ್ ಕಿಂಗ್ ಕಾಲದ ಪ್ರೊಟೆಕ್ಷನ್ ಪ್ಯಾಲಡಿನ್‌ಗಳ (ಗುರಾಣಿ ಹಿಡಿದ ಯೋಧರ) ‘969’. ಗ್ಲೋಬಲ್ ಕೂಲ್‌ಡೌನ್, ಆಟಗಾರರ ಬಾಯಲ್ಲಿ ಜಿಸಿಡಿ, ಎಂದರೆ ಒಂದು ಹೊಡೆತದ ನಂತರ ಇನ್ನೊಂದಕ್ಕೆ ಕಾಯಬೇಕಾದ 1.5 ಸೆಕೆಂಡ್. ಹ್ಯಾಮರ್ ಆಫ್ ದಿ ರೈಚಸ್ ಮತ್ತು ಶೀಲ್ಡ್ ಆಫ್ ರೈಚಸ್‌ನೆಸ್ 6 ಸೆಕೆಂಡಿಗೊಮ್ಮೆ ಸಿದ್ಧ, ಎಂದರೆ ನಾಲ್ಕು ಜಿಸಿಡಿಗೊಮ್ಮೆ. ಜಡ್ಜ್‌ಮೆಂಟ್, ಕಾನ್ಸಿಕ್ರೇಶನ್, ಹೋಲಿ ಶೀಲ್ಡ್ ಈ ಮೂರೂ 9 ಸೆಕೆಂಡಿನೊಳಗೆ ಸಿದ್ಧ, ಎಂದರೆ ಆರು ಜಿಸಿಡಿಗೊಮ್ಮೆ. 6 ಸೆಕೆಂಡಿನ ಗುಂಪಿನಿಂದ ಒಂದು, 9 ಸೆಕೆಂಡಿನ ಗುಂಪಿನಿಂದ ಒಂದು ಎಂದು ಬದಲಾಯಿಸುತ್ತ ಹೋದರೆ ಒಂದೇ ಒಂದು ಜಿಸಿಡಿಯೂ ಖಾಲಿ ಬೀಳುವುದಿಲ್ಲ. ಎರಡು ಹೊಡೆತದ ಒಂದು ಸೀಕ್ವೆನ್ಸ್, ಮೂರು ಹೊಡೆತದ ಇನ್ನೊಂದು ಸೀಕ್ವೆನ್ಸ್, ಎರಡು ಕೀ, ಎಡ ಬಲ ಎಡ ಬಲ. ತಾಳ ಹಾಕಿದಂತೆ ಕೂತುಬಿಡುವ ಲೆಕ್ಕ ಅದು. ಸೀಕ್ವೆನ್ಸ್ ಮ್ಯಾಕ್ರೋ ಇಷ್ಟು ಸರಿಯಾಗಿ ಹೊಂದಿದ ಇನ್ನೊಂದು ರೊಟೇಶನ್ ಸಿಗುವುದು ಕಷ್ಟ.

ಆ ಹೊಂದಾಣಿಕೆ ಅಪರೂಪವೇಕೆ ಎಂದರೆ, ಅದೇ ವಿಸ್ತರಣೆಯಲ್ಲಿ ಬಹುಪಾಲು ಕ್ಲಾಸ್‌ಗಳು (ಪಾತ್ರದ ಬಗೆಗಳು) ಸ್ಥಿರ ಸರದಿಯನ್ನು ಬಿಟ್ಟು ಆದ್ಯತೆಯ ಪಟ್ಟಿಯತ್ತ ಹೊರಳಿದ್ದವು. ಸಿದ್ಧವಿರುವುದರಲ್ಲಿ ಹೆಚ್ಚು ಬೆಲೆಯದನ್ನು ಹಾಕು, ಪ್ರೊಕ್ (ಆಕಸ್ಮಿಕವಾಗಿ ಸಿಗುವ ಹೆಚ್ಚುವರಿ ಪರಿಣಾಮ) ಬಿದ್ದರೆ ಅದನ್ನು ಮೊದಲು ಬಳಸು ಎಂಬುದೇ ನಿಯಮ. ಇಲ್ಲಿ ಕಾಸ್ಟ್‌ಸೀಕ್ವೆನ್ಸ್ ಹಾಕಿದವರು ಮೂರು ಕಡೆ ಎಡವುತ್ತಾರೆ. ಸರದಿಯಲ್ಲಿರುವ ಹೊಡೆತ ಇನ್ನೂ ಕೂಲ್‌ಡೌನ್‌ನಲ್ಲಿದ್ದರೆ, ಗುರಿ ದೂರವಿದ್ದರೆ, ಮಾನಾ ಸಾಲದಿದ್ದರೆ ಇಡೀ ಮ್ಯಾಕ್ರೋ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡನೆಯದು ರಿಸೆಟ್ ಬಗೆಗಿನ ತಪ್ಪು ತಿಳಿವಳಿಕೆ. ‘ರಿಸೆಟ್=10’ ಎಂದರೆ ಶುರುವಾಗಿ 10 ಸೆಕೆಂಡ್ ಅಲ್ಲ, ಕೊನೆಯ ಸಲ ಒತ್ತಿ 10 ಸೆಕೆಂಡ್. ಸಿಕ್ಕಿಕೊಂಡಿತೆಂದು ಗಾಬರಿಯಿಂದ ಕುಟ್ಟುತ್ತಿದ್ದಷ್ಟೂ ಗಡಿಯಾರ ಮತ್ತೆ ಸೊನ್ನೆಯಿಂದ ಓಡುತ್ತದೆ, ಮ್ಯಾಕ್ರೋ ಎಂದಿಗೂ ಬಿಡಿಸಿಕೊಳ್ಳುವುದಿಲ್ಲ. ಅದಕ್ಕೇ ‘ರಿಸೆಟ್=10/ಟಾರ್ಗೆಟ್/ಕಾಂಬ್ಯಾಟ್’ ಎಂದು ಬರೆಯುವುದು: ಗುರಿ ಬದಲಾದರೂ ಹೋರಾಟ ಮುಗಿದರೂ ಮೊದಲಿಗೆ ಬರಲಿ ಎಂದು. ಮೂರನೆಯದು ಹೇಸ್ಟ್, ಎಂದರೆ ಹೊಡೆತದ ವೇಗ ಹೆಚ್ಚಿಸುವ ಗುಣ. ಅದು ಹೆಚ್ಚಿದಂತೆ ಜಿಸಿಡಿ ಕಿರಿದಾಗುತ್ತದೆ, ಆದರೆ ಎಲ್ಲ ಕೂಲ್‌ಡೌನ್‌ಗಳೂ ಅದರ ಜೊತೆ ಕಿರಿದಾಗುವುದಿಲ್ಲ. ನಿನ್ನೆ ಕೂತಿದ್ದ ಸರದಿ ಹೊಸ ಉಂಗುರ ತೊಟ್ಟ ಮರುದಿನ ಕೂರುವುದಿಲ್ಲ.

ಒಂದು ಒತ್ತು, ಒಂದು ಜಿಸಿಡಿ

ಸೀಕ್ವೆನ್ಸ್ ಸಿಕ್ಕಿಕೊಳ್ಳುವುದನ್ನು ತಪ್ಪಿಸಲು ಹುಟ್ಟಿದ್ದು ಗ್ನೋಮ್ ಸೀಕ್ವೆನ್ಸರ್, ಮುಂದೆ ಜಿಎಸ್‌ಇ ಎಂದು ಹೆಸರಾದ ಆಡ್‌ಆನ್. ಹೋರಾಟಕ್ಕೆ ಮುಂಚೆಯೇ ಸಂರಕ್ಷಿತ ಗುಂಡಿಯೊಂದನ್ನು ಕಟ್ಟಿಟ್ಟು, ಪ್ರತಿ ಒತ್ತಿಗೂ ಒಂದು ಮೆಟ್ಟಿಲು ಮುಂದೆ ಹೋಗುವುದು ಅದರ ಉಪಾಯ, ಹೊಡೆತ ಬಿದ್ದರೂ ಸರಿ, ಬೀಳದಿದ್ದರೂ ಸರಿ. ಆದ್ಯತೆಯನ್ನು ಅನುಕರಿಸಲು ಮೆಟ್ಟಿಲುಗಳನ್ನು 1, 1‑2, 1‑2‑3, 1‑2‑3‑4 ಎಂದು ಜೋಡಿಸುತ್ತಾರೆ. ಈ 10 ಮೆಟ್ಟಿಲುಗಳಲ್ಲಿ ಮೊದಲ ಹೊಡೆತಕ್ಕೆ ನಾಲ್ಕು ಅವಕಾಶ, ಕೊನೆಯದಕ್ಕೆ ಒಂದು. ಇದು ಸಂಭವನೀಯತೆಯ ಆಟ. ಜಿಸಿಡಿ ಮುಗಿಯುವ ಕ್ಷಣಕ್ಕೆ ಯಾವ ಮೆಟ್ಟಿಲು ಸಿಕ್ಕಿತೋ ಅದೇ ಹೊಡೆತ. ಕೈನೋವಿರುವವರಿಗೆ, ಬೆರಳುಗಳ ಚಲನೆ ಸೀಮಿತವಾಗಿರುವವರಿಗೆ ಇದು ಆಟದ ಬಾಗಿಲನ್ನೇ ತೆರೆದಿದೆ, ಆ ಬೆಲೆ ದೊಡ್ಡದು. ಆದರೆ ಪ್ರೊಕ್ ಬಂದಾಗ ಕಾಯದ, ಬಾಸ್ ಕವಚ ಹಾಕಿಕೊಂಡಾಗ ನಿಲ್ಲದ ಗುಂಡಿ ಅದು ಎಂಬುದನ್ನು ತಿಳಿದೇ ಬಳಸಬೇಕು.

ಗುಂಡಿಯನ್ನು ಯಂತ್ರದಿಂದ ಕುಟ್ಟಿಸುವುದು ಮಾತ್ರ ನಿಯಮಕ್ಕೆ ವಿರುದ್ಧ. ಮನುಷ್ಯನಿಲ್ಲದೆ ಪಾತ್ರವನ್ನು ಆಡಿಸುತ್ತಿದ್ದ ಗ್ಲೈಡರ್ ತಂತ್ರಾಂಶದ ತಯಾರಕರಿಗೂ ಬ್ಲಿಜರ್ಡ್‌ಗೂ ನಡುವಿನ ಮೊಕದ್ದಮೆ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ತನಕ ಹೋಗಿ, 2010ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. 2020ರ ನವೆಂಬರ್‌ನಲ್ಲಿ, ಒಂದು ಕೀ ಒತ್ತನ್ನು ಹಲವು ಖಾತೆಗಳಿಗೆ ಹಂಚುವ ತಂತ್ರಾಂಶಗಳನ್ನೂ ನಿಷೇಧಿಸಲಾಯಿತು.

ಈ ನಡುವೆ ಮ್ಯಾಕ್ರೋದ ನಿಜವಾದ ಲಾಭ ಬೇರೆ ಕಡೆ ಉಳಿದಿತ್ತು. ಜಿಸಿಡಿ ಹಿಡಿಯುವ ಹೊಡೆತ ಒಂದು ಒತ್ತಿಗೆ ಒಂದೇ. ಜಿಸಿಡಿ ಹಿಡಿಯದವು ಎಷ್ಟಾದರೂ ಅದರ ಜೊತೆ ಸೇರಬಹುದು. ಆರ್ಕೇನ್ ಪವರ್, ಪ್ರೆಸೆನ್ಸ್ ಆಫ್ ಮೈಂಡ್, ಪೈರೋಬ್ಲಾಸ್ಟ್ ಮೂರನ್ನೂ ಒಂದೇ ಗುಂಡಿಗೆ ಕಟ್ಟಿದ ಮೇಜ್‌ಗಳ ಕಾಲದಿಂದ ಇದು ನಡೆದು ಬಂದಿದೆ. 2018ರ ಬ್ಯಾಟಲ್ ಫಾರ್ ಅಜೆರಾತ್‌ನಲ್ಲಿ ಬ್ಲಿಜರ್ಡ್ ಬಹಳಷ್ಟು ದಾಳಿಯ ಕೂಲ್‌ಡೌನ್‌ಗಳನ್ನು (ಬಹಳ ಹೊತ್ತು ಕಾದು ಹಾಕುವ ಬಲವರ್ಧಕಗಳನ್ನು) ಜಿಸಿಡಿಗೆ ಸೇರಿಸಿದಾಗ ಇಂಥ ಮ್ಯಾಕ್ರೋಗಳು ರಾತ್ರೋರಾತ್ರಿ ಸತ್ತವು: ಮೊದಲ ಸಾಲು ಓಡಿ ಜಿಸಿಡಿ ಶುರುವಾಗುತ್ತಿತ್ತು, ಉಳಿದವು ನಿಲ್ಲುತ್ತಿದ್ದವು. ಆಟಗಾರರ ಅಸಮಾಧಾನ ಎರಡು ವರ್ಷ ಕುದಿಯಿತು, 2020ರ ಶ್ಯಾಡೋಲ್ಯಾಂಡ್ಸ್‌ನಲ್ಲಿ ಹಲವನ್ನು ಮತ್ತೆ ಹೊರಗೆ ತೆಗೆದರು. ಹಳೆಯ ಮ್ಯಾಕ್ರೋ ಕೆಟ್ಟರೆ ಮೊದಲು ನೋಡಬೇಕಾದ್ದು ಇದನ್ನೇ: ಯಾವ ಹೊಡೆತ ಈಗ ಜಿಸಿಡಿಯೊಳಗಿದೆ, ಯಾವುದು ಹೊರಗಿದೆ.

ಕಟ್ಟುವ ಕ್ರಮ ಹೀಗೆ. ‘/ಎಂ’ ಎಂದು ಟೈಪ್ ಮಾಡಿ ಕಿಟಕಿ ತೆರೆದು, ಪ್ರಶ್ನಾರ್ಥಕ ಚಿಹ್ನೆಯ ಐಕಾನ್ ಆರಿಸಿ. ಮೊದಲ ಸಾಲು ‘#ಶೋಟೂಲ್‌ಟಿಪ್’, ಅದರ ಮುಂದೆ ಮುಖ್ಯ ಹೊಡೆತದ ಹೆಸರು. ಇಲ್ಲದಿದ್ದರೆ ಗುಂಡಿಯ ಮೇಲೆ ತಪ್ಪು ಕೂಲ್‌ಡೌನ್ ಕಾಣುತ್ತದೆ. ಮುಂದಿನ ಸಾಲುಗಳಲ್ಲಿ ಜಿಸಿಡಿ ಹಿಡಿಯದ ಕೂಲ್‌ಡೌನ್‌ಗಳು, ಆಮೇಲೆ ‘/ಯೂಸ್ 13’ ಅಥವಾ ‘/ಯೂಸ್ 14’, ಅಂದರೆ ಎರಡು ಟ್ರಿಂಕೆಟ್‌ಗಳ (ಪಾತ್ರ ತೊಡುವ ತಾಯಿತದಂಥ ವಸ್ತುಗಳ) ಜಾಗ. ಕೊನೆಯಲ್ಲಿ ಜಿಸಿಡಿ ಹಿಡಿಯುವ ಒಂದೇ ಹೊಡೆತ. ಮೂರು ನಿಮಿಷದ ಕೂಲ್‌ಡೌನನ್ನು ಪ್ರತಿ ಎರಡು ಸೆಕೆಂಡಿಗೆ ಒತ್ತುವ ಹೊಡೆತದ ಜೊತೆ ಕಟ್ಟಬೇಡಿ. ಬಾಸ್ ದುರ್ಬಲವಾಗುವ ಘಳಿಗೆಗೆ ಉಳಿಸಿಕೊಳ್ಳಬೇಕಾದ್ದು ಸಾಮಾನ್ಯ ಶತ್ರುವಿನ ಮೇಲೆ ಖರ್ಚಾಗಿಬಿಡುತ್ತದೆ. ಒಂದೇ ಅವಧಿಯ ಕೂಲ್‌ಡೌನ್‌ಗಳನ್ನಷ್ಟೇ ಒಂದು ಗುಂಡಿಗೆ ಸೇರಿಸಿ. 255 ಅಕ್ಷರ ಸಾಲದಿದ್ದರೆ ‘ಟಾರ್ಗೆಟ್=’ ಬದಲು ‘@’ ಬರೆಯಿರಿ, ಅಲ್ಪವಿರಾಮದ ನಂತರದ ಖಾಲಿ ಜಾಗ ತೆಗೆಯಿರಿ.

ಇನ್ನೊಂದು ಅಂಕಿ 400. ಜಿಸಿಡಿ ಮುಗಿಯುವ 400 ಮಿಲಿಸೆಕೆಂಡ್ ಮುಂಚೆ ಒತ್ತಿದರೂ ಹೊಡೆತ ಸರದಿಯಲ್ಲಿ ಕೂರುತ್ತದೆ. ‘ಸ್ಪೆಲ್‌ಕ್ಯೂವಿಂಡೋ’ ಎಂಬ ಸೆಟ್ಟಿಂಗ್ ಇದು. ಕೆಲವರು ಇದನ್ನು 100ಕ್ಕೆ ಇಳಿಸಿ ಎನ್ನುತ್ತಾರೆ. ಭಾರತಕ್ಕೆಂದೇ ಸರ್ವರ್ ಇಲ್ಲದ್ದರಿಂದ ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ ಸೇರುವವರು ಆ ಸಲಹೆಯನ್ನು ಕೇಳಬಾರದು. ಲೇಟೆನ್ಸಿಗಿಂತ (ಆಜ್ಞೆ ಸರ್ವರ್ ತಲುಪಿ ಉತ್ತರ ಬರುವ ಸಮಯಕ್ಕಿಂತ) ಈ ಅವಧಿ ಚಿಕ್ಕದಾದರೆ ಪ್ರತಿ ಹೊಡೆತದ ನಡುವೆ ಬಿಡುವು ಬೀಳುತ್ತದೆ.

ಈ ಸರದಿಯ ಬೆಲೆ ತಿಳಿಯಬೇಕಾದರೆ ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆನ್‌ಲೈನ್ ಆಟದತ್ತ ನೋಡಬೇಕು. ಅಲ್ಲಿ ಮ್ಯಾಕ್ರೋದಿಂದ ಹಾಕಿದ ಹೊಡೆತ ಸರದಿಯಲ್ಲಿ ಕೂರುವುದೇ ಇಲ್ಲ. 2.5 ಸೆಕೆಂಡಿನ ಜಿಸಿಡಿಗೆ 0.2 ಸೆಕೆಂಡ್ ತಪ್ಪಿದರೂ 8 ನಿಮಿಷದ ಹೋರಾಟದಲ್ಲಿ 192ರ ಬದಲು 177 ಹೊಡೆತ. ಅಲ್ಲಿನ ಅನುಭವಿಗಳು ಹೋರಾಟದಲ್ಲಿ ಮ್ಯಾಕ್ರೋ ಮುಟ್ಟದೆ, ಕರಕುಶಲಕ್ಕೆ ಮಾತ್ರ 15 ಸಾಲುಗಳನ್ನೂ ತುಂಬಿ ಬಳಸುವುದು ಇದೇ ಕಾರಣಕ್ಕೆ.

2025ರ ಜೂನ್‌ನಲ್ಲಿ 11.1.7 ಪ್ಯಾಚ್‌ನೊಂದಿಗೆ ಬ್ಲಿಜರ್ಡ್ ತಾನೇ ಗೆರೆ ದಾಟಿತು. ಮುಂದಿನ ಹೊಡೆತವನ್ನು ಬೆಳಗಿಸಿ ತೋರಿಸುವ ಸಹಾಯಕ ಬಂತು, ಜೊತೆಗೆ ಒಂದೇ ಗುಂಡಿಯಿಂದ ರೊಟೇಶನ್ ನಡೆಸುವ ಸಹಾಯಕವೂ ಬಂತು. ಎರಡನೆಯದಕ್ಕೆ ಪ್ರತಿ ಜಿಸಿಡಿಗೆ 0.2 ಸೆಕೆಂಡ್ ದಂಡ. 1.5 ಸೆಕೆಂಡಿನ ಜಿಸಿಡಿ ಇರುವವರಿಗೆ 5 ನಿಮಿಷದಲ್ಲಿ 200 ಹೊಡೆತದ ಬದಲು 176. ಅದರ ಹಿಂದೆಯೇ ಬಂದ ಮಿಡ್‌ನೈಟ್ ವಿಸ್ತರಣೆ ಹೋರಾಟದ ನೇರ ಮಾಹಿತಿಯನ್ನು ಆಡ್‌ಆನ್‌ಗಳಿಂದ ಬಹಳಮಟ್ಟಿಗೆ ಮರೆಮಾಡಿತು. 2006ರಲ್ಲಿ ಕೋಡ್‌ನ ಕೈ ಕಟ್ಟಿದ್ದರೆ, ಈ ಸಲ ಕಣ್ಣು ಮುಚ್ಚಿದಂತಾಯಿತು.

ಆ ಒಂದು ಗುಂಡಿ ಶತ್ರುವಿನ ಮಂತ್ರ ತಡೆಯುವುದಿಲ್ಲ, ಜೀವ ಉಳಿಸುವ ಕೂಲ್‌ಡೌನ್ ಹಾಕುವುದಿಲ್ಲ. ಹಾಗಾಗಿ ಅದನ್ನು ಬಳಸುವ ಹೊಸಬರೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕಾದ ಮೊದಲ ಮ್ಯಾಕ್ರೋ, ರೋಗ್ ಪಾತ್ರವಾಗಿದ್ದರೆ, ಮಂತ್ರ ತಡೆಯುವ ಕಿಕ್ ಹೊಡೆತದ್ದು:

#ಶೋಟೂಲ್‌ಟಿಪ್ ಕಿಕ್
/ಕಾಸ್ಟ್ [@ಫೋಕಸ್,ಹಾರ್ಮ್,ನೋಡೆಡ್][] ಕಿಕ್

ಫೋಕಸ್ ಮಾಡಿಟ್ಟ (ಗುರಿಯಲ್ಲದೆ ಬೇರೆಯಾಗಿ ಗುರುತಿಸಿಟ್ಟ) ಶತ್ರು ಬದುಕಿದ್ದರೆ ಅವನಿಗೆ ಬೀಳುತ್ತದೆ, ಇಲ್ಲದಿದ್ದರೆ ಈಗ ಗುರಿ ಮಾಡಿರುವವನಿಗೆ. ಕೊನೆಯ ಖಾಲಿ ಆವರಣ ಬಿಟ್ಟರೆ ಫೋಕಸ್ ಸತ್ತ ಮೇಲೆ ಈ ಗುಂಡಿ ಏನನ್ನೂ ಮಾಡುವುದಿಲ್ಲ.