ವಾಲ್‌ಪೇಪರ್ ಬದಲಾಯಿಸಲು ಬಿಡದವರು ಯಾರು?

ಆಫೀಸಿನ ಕಂಪ್ಯೂಟರಿನಲ್ಲಿ ಮಗಳ ಫೋಟೊ ಹಾಕೋಣ ಅಂತ ಹೋಗುತ್ತೀರಿ. ವಾಲ್‌ಪೇಪರ್ ಬದಲಾಯಿಸುವ ಬಟನ್ನೇ ಮಂಕಾಗಿದೆ, ಒತ್ತಿದರೂ ಕದಲುವುದಿಲ್ಲ. ಐಟಿಯವರು ಎಲ್ಲೋ ಕೂತು ನಿಮ್ಮ ಕಂಪ್ಯೂಟರಿಗೆ ಕೈ ಹಾಕಿದ್ದಾರೆ ಅನ್ನಿಸುತ್ತದೆ ಅಲ್ವಾ? ನಿಜ ಸಂಗತಿ ಉಲ್ಟಾ. ಅವರು ಏನನ್ನೂ ಕಳಿಸಿಲ್ಲ. ನಿಮ್ಮ ಕಂಪ್ಯೂಟರೇ ಹೋಗಿ ಕೇಳಿಕೊಂಡು ಬಂದಿದೆ.

ಈ ವ್ಯವಸ್ಥೆಗೆ ಗ್ರೂಪ್ ಪಾಲಿಸಿ ಅಂತ ಹೆಸರು. 2000ದಲ್ಲಿ ವಿಂಡೋಸ್ 2000 ಜೊತೆ ಬಂತು. ಅಡ್ಮಿನ್ ಮಾಡಿಟ್ಟ ನಿಯಮಗಳು ಡೊಮೇನ್ ಕಂಟ್ರೋಲರ್ ಎಂಬ ಸರ್ವರಿನಲ್ಲಿ ಸುಮ್ನೆ ಬಿದ್ದಿರುತ್ತವೆ. ಕಂಪ್ಯೂಟರ್ ಆನ್ ಆದಾಗ ತನಗೆ ಸೇರಿದ್ದನ್ನು ಓದಿಕೊಳ್ಳುತ್ತದೆ, ನೀವು ಲಾಗಿನ್ ಆದಾಗ ನಿಮಗೆ ಸೇರಿದ್ದನ್ನು. ಆಮೇಲೆ 90 ನಿಮಿಷಕ್ಕೊಮ್ಮೆ ಮತ್ತೆ ವಿಚಾರಿಸುತ್ತದೆ. ಆ 90ಕ್ಕೆ ಸೊನ್ನೆಯಿಂದ 30ರವರೆಗಿನ ಯಾವುದೋ ಒಂದಷ್ಟು ನಿಮಿಷ ಸೇರಿಸಿಕೊಳ್ಳುತ್ತದೆ, ಬೇಕೆಂದೇ. ಬೆಳಿಗ್ಗೆ ಒಂಬತ್ತಕ್ಕೆ ಸಾವಿರ ಕಂಪ್ಯೂಟರ್ ಆನ್ ಆದರೆ, ಹತ್ತೂವರೆಗೆ ಸಾವಿರವೂ ಒಟ್ಟಿಗೆ ಬಂದು ಸರ್ವರಿನ ಬಾಗಿಲು ಬಡಿಯಬಾರದಲ್ಲ! ಹೋದರೂ ಮೊದಲು ನೋಡುವುದು ನಿಯಮಗಳ ವರ್ಷನ್ ನಂಬರ್. ಅದು ಬದಲಾಗಿಲ್ಲದಿದ್ದರೆ ಬಹುತೇಕ ನಿಯಮಗಳನ್ನು ಮುಟ್ಟದೆ ವಾಪಸ್.

ಇದಕ್ಕೂ ಹಿಂದೆ ವಿಂಡೋಸ್ ಎನ್‌ಟಿಯಲ್ಲಿ ಸಿಸ್ಟಮ್ ಪಾಲಿಸಿ ಅಂತ ಇತ್ತು. ನಿಯಮ ತೆಗೆದುಹಾಕಿದರೂ ಅದರ ಗುರುತು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲಿ, ಉಳಿದುಬಿಡುತ್ತಿತ್ತು. ಅಡ್ಮಿನ್‌ಗಳು ಅದಕ್ಕೆ ಟ್ಯಾಟೂ ಅಂತಲೇ ಹೆಸರಿಟ್ಟರು. ಗ್ರೂಪ್ ಪಾಲಿಸಿ ತನ್ನ ಸೆಟ್ಟಿಂಗ್‌ಗಳಿಗೆ ಬೇರೆಯೇ ಜಾಗ ಇಟ್ಟುಕೊಂಡಿತು. ನಿಯಮ ಹೋದರೆ ಅದೂ ಅಳಿಸಿಹೋಗುತ್ತದೆ.

ಒಂದೇ ವಿಷಯಕ್ಕೆ ಎರಡು ನಿಯಮ ಇದ್ದರೆ? ಮೊದಲು ಕಂಪ್ಯೂಟರಿನದೇ ನಿಯಮ, ಆಮೇಲೆ ಸೈಟ್ (ಆಫೀಸ್ ಇರುವ ಜಾಗದ ನೆಟ್‌ವರ್ಕ್), ಡೊಮೇನ್ (ಸಂಸ್ಥೆಯ ಕಂಪ್ಯೂಟರ್, ಅಕೌಂಟ್‌ಗಳ ದೊಡ್ಡ ಗುಂಪು), ಕೊನೆಗೆ ಅದರೊಳಗಿನ ಓಯು ಅನ್ನುವ ಚಿಕ್ಕ ಗುಂಪಿನದು. ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಮೇಲಿನವರ ಮಾತೇ ನಡೆಯಬೇಕು ಅಂದರೆ ಅದಕ್ಕೆ ಎನ್‌ಫೋರ್ಸ್ಡ್ ಅಂತ ಬೇರೆ ಗುರುತು ಹಾಕಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಮ್ಮೆ ಎಡವಿದೆ. ಮೀಟಿಂಗ್ ರೂಮಿನ ಕಂಪ್ಯೂಟರ್ ಐದು ನಿಮಿಷಕ್ಕೊಮ್ಮೆ ಸ್ಕ್ರೀನ್ ಸೇವರ್ ಬಂದು ಲಾಕ್ ಆಗುತ್ತಿತ್ತು. ಆ ಕಂಪ್ಯೂಟರ್ ಇದ್ದ ಓಯುಗೆ ಸ್ಕ್ರೀನ್ ಸೇವರ್ ಬೇಡ ಅಂತ ನಿಯಮ ಹಾಕಿದೆ. ನಿಯಮಗಳನ್ನು ಈಗಲೇ ಓದಿಕೋ ಅನ್ನುವ 'ಜಿಪಿಅಪ್‌ಡೇಟ್ ಫೋರ್ಸ್' ಕಮಾಂಡ್ ಹೊಡೆದೆ, ಮತ್ತೆ ಹೊಡೆದೆ. ಏನೂ ಆಗಲಿಲ್ಲ. ಕೊನೆಗೆ ಯಾವ್ಯಾವ ನಿಯಮ ಜಾರಿಯಾಗಿದೆ ಅಂತ ತೋರಿಸುವ 'ಜಿಪಿರಿಸಲ್ಟ್' ಕೊಟ್ಟು ನೋಡಿದರೆ, ಯೂಸರ್ ಭಾಗದ ಪಟ್ಟಿಯಲ್ಲಿ ನನ್ನ ನಿಯಮದ ಹೆಸರೇ ಇಲ್ಲ. ಸ್ಕ್ರೀನ್ ಸೇವರ್ ಯೂಸರ್ ಸೆಟ್ಟಿಂಗ್. ಅದು ಬರುವುದು ಯೂಸರ್ ಅಕೌಂಟ್ ಇರುವ ಓಯುನಿಂದ, ಅವರು ಯಾವ ಕಂಪ್ಯೂಟರಿನ ಮುಂದೆ ಕೂತರೂ ಅಷ್ಟೇ. ಇಂಥ ಜಾಗಕ್ಕೆಂದೇ ಲೂಪ್‌ಬ್ಯಾಕ್ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ, ಯೂಸರ್ ಸೆಟ್ಟಿಂಗನ್ನೂ ಕಂಪ್ಯೂಟರ್ ಇರುವ ಓಯುನಿಂದಲೇ ತರಬಹುದು. ಆನ್ ಮಾಡಿದೆ, ಲಾಕ್ ಆಗುವುದು ನಿಂತಿತು.

ಅಷ್ಟರಲ್ಲಿ ಆ ದಿನದ ಮೀಟಿಂಗೇ ಮುಗಿದಿತ್ತು. ಪಾಪ, ಒಬ್ಬರು ಎರಡು ಗಂಟೆ ಮೌಸ್ ಅಲ್ಲಾಡಿಸುತ್ತಾ ಕೂತಿದ್ದರಂತೆ.